ತವರಿನ ಹೊಳೆ, ಗಂಡನ ಮನೆಯ ಹೊಳೆ

ಮದುವೆಯಾಗಿ ಹೊನ್ನಾವರಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ತವರಿಗೆ ಹೋಗಿ ತಿರುಗಿ ಬರುವಾಗ ಅವ್ವಿ ಒಂದು ಚೀಲ ಬಳಚು, ಅಂದರೆ ಹೊಳೆಯ ಕೆಸರಿನಲ್ಲಿ ಸಿಗುವ ಚಿಪ್ಪುಮೀನು, ಕಟ್ಟಿಕೊಟ್ಟಿದ್ದಳು. ಅತ್ತೆ ಅದನ್ನು ಮೊರಕ್ಕೆ ಸುರಿದುಕೊಂಡು, ಒಂದೊಂದೇ ಚಿಪ್ಪು ತಿರುಗಿಸಿ ನೋಡುತ್ತ ತುಂಬಾ ಹೊತ್ತು ಮಾತಾಡದೆ ಕೂತರು. ಆಮೇಲೆ, "ಇದು ನಮ್ಮ ಹೊಳೆಲೂ ಸಿಗ್ತಿತ್ತು ಮಗಾ" ಅಂದರು. ಅಂದು ರಾತ್ರಿ ಕಾಯಿತುರಿ ಹಾಕಿ ಸುಕ್ಕಾ ಮಾಡಿದ್ದರು. ಅಷ್ಟು ಆಸೆಪಟ್ಟು ಊಟ ಮಾಡಿದ್ದನ್ನು ಆಮೇಲೆ ನಾನು ಹೆಚ್ಚು ನೋಡಲಿಲ್ಲ.

ನನ್ನ ತವರು ಅಘನಾಶಿನಿಯ ಅಳಿವೆ ಪಕ್ಕ, ಅಂದರೆ ಹೊಳೆ ಸಮುದ್ರ ಸೇರುವಲ್ಲಿ, ಗಂಡನ ಮನೆ ಶರಾವತಿಯ ಅಳಿವೆ ಪಕ್ಕ. ಬಸ್ಸು ಹತ್ತಿದರೆ ಒಂದು ಗಂಟೆಯ ದಾರಿ. ಎರಡೂ ಘಟ್ಟದಿಂದಲೇ ಇಳಿದು ಬರುವ ಹೊಳೆಗಳು, ಎರಡಕ್ಕೂ ಅದೇ ಮಳೆ, ಅದೇ ಸಮುದ್ರ. ಒಂದರಲ್ಲಿ ಬಳಚು ಇದೆ, ಇನ್ನೊಂದರಲ್ಲಿ ಹೆಚ್ಚುಕಡಿಮೆ ಇಲ್ಲ. ಅತ್ತೆಯ ಮಾತು ಕೇಳಿದಾಗ ನನಗೆ ಕಾರಣ ಗೊತ್ತಿರಲಿಲ್ಲ.

ಕಾರಣ ಉಪ್ಪು. ಬಳಚಿಗೆ ಮಳೆಗಾಲದಲ್ಲಿ ಸಿಹಿನೀರು ಬಂದರೂ ನಡೆಯುತ್ತದೆ, ಆದರೆ ಬೇಸಿಗೆಯಲ್ಲಿ ಹೊಳೆ ಸಪೂರವಾಗಿ ಸಮುದ್ರದ ಉಪ್ಪು ಒಳಗೆ ಏರಲೇಬೇಕು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಈ ಶತಮಾನದ ಆರಂಭದಲ್ಲಿ ಗೇರುಸೊಪ್ಪೆಯಲ್ಲಿ 240 ಮೆಗಾವ್ಯಾಟ್‌ನ ಟೇಲ್‌ರೇಸ್ ವಿದ್ಯುದಾಗಾರ, ಅಂದರೆ ಮೇಲಿನ ವಿದ್ಯುದಾಗಾರ ಬಿಟ್ಟ ನೀರಿನಿಂದಲೇ ಮತ್ತೆ ಕರೆಂಟು ತೆಗೆಯುವಂಥದ್ದು, ಶುರುವಾಯಿತು. ಕರೆಂಟಿಗಾಗಿ ಬಿಟ್ಟ ನೀರು ಮಾರ್ಚ್, ಏಪ್ರಿಲ್ ಅನ್ನದೆ ಹರಿದು ಬರುತ್ತಲೇ ಇರುತ್ತದೆ. ಉಪ್ಪು ಏರಬೇಕಾದ ಹೊತ್ತಿಗೆ ಅಳಿವೆಯಲ್ಲಿ ಸಿಹಿನೀರು ತುಂಬಿರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ಎರಡೂ ಅಳಿವೆಗಳನ್ನು ಹೋಲಿಸಿ ನೋಡಿ ಇದನ್ನೇ ಬರೆದಿದ್ದಾರೆ. ಶರಾವತಿಯಲ್ಲಿ ಮೀನಿನ ಜಾತಿಗಳೂ ಅಘನಾಶಿನಿಗಿಂತ ಕಡಿಮೆ. ನಮ್ಮ ಮನೆಯ ದೀಪವೂ ಆ ಕರೆಂಟಿನಿಂದಲೇ ಉರಿಯುತ್ತದೆ, ಅದು ಬೇಡ ಅನ್ನುವವಳಲ್ಲ ನಾನು. ಆದರೆ ಆ ಯೋಜನೆ ಬರೆಯುವಾಗ ಹೊನ್ನಾವರದ ಬಳಚು ಹೆಕ್ಕುವ ಹೆಂಗಸರನ್ನು ಯಾರಾದರೂ ಕೇಳಿದ್ದರೇ? ಅತ್ತೆಗೆ ನೆನಪಿರುವ ಮಟ್ಟಿಗೆ ಇಲ್ಲ. ಹೋದದ್ದನ್ನು ಹೋಯಿತು ಅಂತ ಬರೆದುಕೊಂಡವರೂ ಇಲ್ಲ.

ಅವ್ವಿಗೆ ಈಗ ಅರವತ್ತು ದಾಟಿದೆ. ಈಗಲೂ ಇಳಿತ ಆದ ಕೂಡಲೇ ಹೊಳೆಗೆ ಇಳಿಯುತ್ತಾಳೆ. ಎದೆಮಟ್ಟ ನೀರಿನಲ್ಲಿ ನಿಂತು ಕಾಲಿನ ಬೆರಳಿನಿಂದ ಕೆಸರು ತಡವಿ, ಚಿಪ್ಪು ತಾಗಿದ್ದೇ ಮುಳುಗಿ ಕೈಯಿಂದ ಎತ್ತುತ್ತಾಳೆ. ಅಲ್ಯುಮಿನಿಯಂ ಪಾತ್ರೆ ಪಕ್ಕದಲ್ಲಿ ತೇಲುತ್ತಿರುತ್ತದೆ. "ಮಾತಾಡ್ತಾ ನಿಂತ್ರೆ ಭರತಿ ಬತ್ತದೆ" ಅನ್ನುವುದು ಅವಳ ಖಾಯಂ ಮಾತು. ಅವಳಿಗೆ ಗಡಿಯಾರ ಬೇಡ, ಅಮಾವಾಸ್ಯೆ ಹುಣ್ಣಿಮೆ ಗೊತ್ತಿದ್ದರೆ ಸಾಕು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಅಘನಾಶಿನಿಯ ಚಿಪ್ಪುಮೀನಿನಿಂದ ನೇರವಾಗಿ ದುಡಿಮೆ ಕಂಡವರು ಸುಮಾರು 2,300 ಜನ, ವರ್ಷದ ವಹಿವಾಟು 5.78 ಕೋಟಿ ರೂಪಾಯಿ. ಗೋವಾದ ತನಕ ಹೋಗುವ ಮಾಲು ಅದು.

ಇಷ್ಟಾದರೂ ಅವ್ವಿ ಮೀನುಗಾರ್ತಿ ಅಲ್ಲ. ಅಂದರೆ ಕಾಗದದಲ್ಲಿ ಅಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳಿಗೆ ಸಮುದ್ರ ಬಂದ್. ಮೀನು ಮರಿ ಮಾಡುವ ಕಾಲದಲ್ಲಿ ಅದು ಬೇಕೇ ಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಆ ದುಡಿಮೆಯಿಲ್ಲದ ತಿಂಗಳುಗಳಿಗೆ ಉಳಿತಾಯ-ಪರಿಹಾರ ಯೋಜನೆ ಇದೆ. ಮೀನುಗಾರ 1,500 ಕಟ್ಟಿದರೆ ಕೇಂದ್ರ, ರಾಜ್ಯ ಎರಡೂ ಅಷ್ಟಷ್ಟೇ ಸೇರಿಸಿ ಕೊಡುತ್ತವೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ತುಂಬಿ ಹರಿಯುವಾಗ ಅವ್ವಿಗೂ ದುಡಿಮೆಯಿಲ್ಲ. ಹಾಗಂತ ಅವಳನ್ನು ಕರೆದುಕೊಂಡು ಒಂದು ಕಚೇರಿಗೆ ಹೋಗಿದ್ದೆ. "ದೋಣಿ ಇದೆಯಾ? ಬಲೆ?" ಎಂದು ಕೇಳಿದರು. ಅವ್ವಿ ತನ್ನ ಎರಡು ಕೈ ಮುಂದೆ ಮಾಡಿ ತೋರಿಸಿದಳು. ಚಿಪ್ಪು ಕೊಯ್ದ ಗಾಯಗಳು ತುಂಬಿದ ಕೈ. ಅರ್ಜಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಗಜನಿಯ ಕತೆ ಇದಕ್ಕಿಂತ ಉದ್ದ. ಹೊಳೆಯಂಚಿನ ಉಪ್ಪುನೀರು ನುಗ್ಗುವ ಗದ್ದೆಗೆ ನಾವು ಗಜನಿ ಅನ್ನುತ್ತೇವೆ. ಅಜ್ಜನ ಕಾಲದಲ್ಲಿ ಊರವರೇ ಸೇರಿ ಮಣ್ಣಿನ ಕಟ್ಟೆ ಹಾಕಿ, ಹಲಗೆಯ ಬಾಗಿಲು ಇಟ್ಟು, ಮೊದಲ ಮಳೆ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಬಿತ್ತುತ್ತಿದ್ದರು. ಕಗ್ಗ ಎದೆಯೆತ್ತರ ಬೆಳೆಯುವ ಭತ್ತ, ನೆರೆ ಬಂದರೂ ತಡೆಯುತ್ತದೆ, ಉಪ್ಪಿಗೂ ಜಗ್ಗುವುದಿಲ್ಲ. ಗೊಬ್ಬರವೇ ಹಾಕುತ್ತಿರಲಿಲ್ಲ. ತೆನೆಯನ್ನಷ್ಟೇ ಕೊಯ್ದು ಹುಲ್ಲು ಗದ್ದೆಯಲ್ಲೇ ಬಿಡುತ್ತಿದ್ದರು. ಆಮೇಲೆ ಬಾಗಿಲು ತೆಗೆದರೆ ಭರತಿಯ ಜೊತೆ ಸೀಗಡಿ ಮರಿ, ಮೀನು ಮರಿ ಒಳಗೆ ಬಂದು ಆ ಕೊಳೆತ ಹುಲ್ಲಿನಲ್ಲಿ ಬೆಳೆಯುತ್ತಿದ್ದವು. ನೀರುಹಕ್ಕಿಗಳು ಬಂದು ಕೂತು ಗದ್ದೆಗೆ ಗೊಬ್ಬರ ಹಾಕಿ ಹೋಗುತ್ತಿದ್ದವು. ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು, ಒಂದೇ ಗದ್ದೆಯಲ್ಲಿ. ಕಗ್ಗದಕ್ಕಿಯ ಕೆಂಪು ಗಂಜಿಯ ರುಚಿ ನನ್ನ ನಾಲಿಗೆಯಲ್ಲಿ ಇನ್ನೂ ಇದೆ.

1970ರ ದಶಕದಲ್ಲಿ ಸರ್ಕಾರ ಕಲ್ಲು, ಕಾಂಕ್ರೀಟಿನ ಶಾಶ್ವತ ಕಟ್ಟೆ ಕಟ್ಟಿಸಿತು. ಉದ್ದೇಶ ಒಳ್ಳೆಯದೇ. ಪ್ರತಿವರ್ಷ ಮಣ್ಣು ಹೊರುವ ಕಷ್ಟ ತಪ್ಪಲಿ, ಭತ್ತ ಹೆಚ್ಚು ಬೆಳೆಯಲಿ ಎಂದು. ಆದರೆ ಕಟ್ಟೆ ಭದ್ರವಾದ ಮೇಲೆ ಊರವರು ಸೇರುವುದು ನಿಂತಿತು. ಸೀಗಡಿಗೆ ಹೊರದೇಶದಲ್ಲಿ ಬೆಲೆ ಬಂದಾಗ ಅದೇ ಕಟ್ಟೆಯ ಒಳಗಿನ ಗದ್ದೆ ಗುತ್ತಿಗೆದಾರರ ಕೈಗೆ ಹೋಯಿತು. ಸೀಗಡಿ ಇರುವಾಗ ಉಪ್ಪುನೀರು ಹೊರಗೆ ಬಿಡುವಂತಿಲ್ಲ, ಅದನ್ನು ಹೊರಗೆ ಬಿಡದೆ ಕಗ್ಗ ಬಿತ್ತುವಂತಿಲ್ಲ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ ಕಡಿದರು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದು ಕೆರೆ ಕೆರೆಯ ಸೀಗಡಿಯೇ ಸತ್ತು ತೇಲಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕ ಪದ್ಧತಿ ಬಿಟ್ಟು ಬೇರೆ ಸೀಗಡಿ ಕೃಷಿ ಕೂಡದು ಎಂದಿತು. 2005ರಲ್ಲಿ ಸಂಸತ್ತು ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ತಂದು ನೋಂದಣಿಯ ದಾರಿ ಮಾಡಿಕೊಟ್ಟಿತು. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಬಿತ್ತಲಿಕ್ಕೆ ಕಗ್ಗದ ಬೀಜವೇ ಉಳಿದಿರಲಿಲ್ಲ. ಮಾಣಿಕಟ್ಟೆಯ ಕಡೆ ಕೆಲವರು ಹಟ ಹಿಡಿದು ಇನ್ನೂ ಬೆಳೆಯುತ್ತಿದ್ದಾರೆ, ಅವರ ಬಗ್ಗೆ ನನಗೆ ಬಹಳ ಗೌರವ.

ಅಘನಾಶಿನಿ ಅಳಿವೆಯ ದಡದ ತದಡಿಯಲ್ಲಿ 4,000 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಬರುತ್ತದೆ ಅಂದಾಗ ಅವ್ವಿಯೂ ಮೆರವಣಿಗೆಗೆ ಹೋಗಿದ್ದಳು. ಬಂದರಿನ ಮಾತು ಆಗಾಗ ಏಳುತ್ತಲೇ ಇದೆ. ಸ್ಥಾವರ ಮಾತ್ರ ಬರಲಿಲ್ಲ. 2024ರ ಆರಂಭದಲ್ಲಿ ಅದೇ ಅಳಿವೆ, 4,801 ಹೆಕ್ಟೇರ್, ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂದು ಘೋಷಣೆಯಾಯಿತು. ಆ ಸುದ್ದಿ ಓದಿ ಹೇಳಿದಾಗ ಅವ್ವಿ ಕೇಳಿದ್ದು ಒಂದೇ: "ಹಂಗಾರೆ ಮೇಲಿಂದ ನೀರು ಬತ್ತೇ ಇರ್ತದಲಾ?"

ನಾನು ಹೌದು ಅನ್ನಲಿಲ್ಲ. ಶಿರಸಿಯ ಬಳಿ ಹುಟ್ಟಿ ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಸಮುದ್ರ ಸೇರುವ ಈ ಹೊಳೆಯನ್ನು ಒಳನಾಡಿನ ವೇದಾವತಿ ನದಿಗೆ ತಿರುಗಿಸುವ ಯೋಜನೆಯೂ ಕಡತದಲ್ಲಿದೆ. ಹೊಳೆಯ ಬಾಯಲ್ಲಿ ಪ್ರಮಾಣಪತ್ರ, ಹೊಳೆಯ ತಲೆಯಲ್ಲಿ ಪೈಪು. ಶರಾವತಿಯಲ್ಲಿ ಸಿಹಿನೀರು ಹೆಚ್ಚಾಗಿ ಬಳಚು ಹೋಯಿತು. ಇಲ್ಲಿ ಸಿಹಿನೀರು ಕಡಿಮೆಯಾದರೆ? ಮಳೆಗಾಲದ ಆ ಕೆಂಪು ನೀರೇ ಘಟ್ಟದ ಗೋಡು ತಂದು ಅಳಿವೆಗೆ ಉಣಿಸುವುದು. "ಸಮುದ್ರಕ್ಕೆ ವ್ಯರ್ಥವಾಗಿ ಹರಿಯುವ ನೀರು" ಎಂದು ಭಾಷಣಗಳಲ್ಲಿ ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ನನ್ನ ಶಾಲೆಯ ಫೀಸು ಆ ವ್ಯರ್ಥದಿಂದಲೇ ಬಂದದ್ದು.

ಸರ್ಕಾರ ಕೈ ಹಾಕಿದ್ದೆಲ್ಲ ಕೆಡುತ್ತದೆ ಅಂತ ನಾನು ನಂಬಿಲ್ಲ. ಕೇರಳದ ಅಷ್ಟಮುಡಿ ಕಾಯಲಿನಲ್ಲೂ ಇಂಥದ್ದೇ ಚಿಪ್ಪು ತೆಗೆಯುತ್ತಾರೆ. ಅಲ್ಲಿ ಡಿಸೆಂಬರಿನಿಂದ ಫೆಬ್ರವರಿ ತನಕ ಬಂದ್, ಬಲೆಯ ಕಣ್ಣಿಗೆ ಅಳತೆ, ವಿಜ್ಞಾನಿಗಳೂ ಚಿಪ್ಪು ತೆಗೆಯುವವರೂ ಒಟ್ಟಿಗೆ ಕೂರುವ ಸಮಿತಿ. 2014ರಲ್ಲಿ ಅದಕ್ಕೆ, ಮೀನು ಬರಿದಾಗದಂತೆ ಹಿಡಿಯುವವರಿಗೆ ಕೊಡುವ ಅಂತರರಾಷ್ಟ್ರೀಯ ಎಂಎಸ್‌ಸಿ ಮಾನ್ಯತೆ ಸಿಕ್ಕಿತು, ಭಾರತದಲ್ಲೇ ಮೊದಲು. ನಮ್ಮಲ್ಲಿ ಹಿಂದೆ ಹೆಬ್ಬೆರಳ ಉಗುರಿಗಿಂತ ಸಣ್ಣದನ್ನು ಅವ್ವಿ ತಿರುಗಿ ನೀರಿಗೆ ಬಿಡುತ್ತಿದ್ದಳು. ಈಗ ವ್ಯಾಪಾರಿಗಳು ಸಣ್ಣದಕ್ಕೂ ದುಡ್ಡು ಕೊಡುತ್ತಾರೆ, ಪಕ್ಕದವರು ಎತ್ತುವಾಗ ತಾನೊಬ್ಬಳು ಬಿಟ್ಟು ಏನು ಬಂತು ಎಂದು ಅವಳೂ ಎತ್ತುತ್ತಾಳೆ. ಇಲ್ಲಿ ನಮಗೆ ನಿಯಮ ಬೇಕು, ಆ ನಿಯಮ ಬರೆಯುವ ಮೇಜಿನಲ್ಲಿ ಅವಳೂ ಕೂರಬೇಕು.

ಬರುವ ಹುಣ್ಣಿಮೆಯ ಆಸುಪಾಸಿನಲ್ಲಿ ಊರಿನಲ್ಲಿ ಅಳಿವೆಯ ಬಗ್ಗೆ ಒಂದು ಸಭೆ ಕರೆದಿದ್ದಾರೆ. ನೋಟೀಸು ಓದಿ ಹೇಳಿದೆ. ಎಷ್ಟೊತ್ತಿಗೆ ಎಂದಳು ಅವ್ವಿ. ಬೆಳಗ್ಗೆ ಆರು ಗಂಟೆಗೆ ಅಂದೆ, ಹೊಲಕ್ಕೆ ಹೋಗುವವರಿಗೆ ಅನುಕೂಲವಾಗಲೆಂದು. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. "ಅವತ್ತು ಅದೇ ಹೊತ್ತಿಗೆ ಇಳಿತ" ಅಂದಳು. ಹೊತ್ತು ಬದಲಿಸಿ ಹನ್ನೊಂದಕ್ಕೆ ಇಡಿ ಎಂದು ಅರ್ಜಿ ಬರೆದು, ಹೊಳೆಗಿಳಿಯುವ ಹದಿನಾಲ್ಕು ಹೆಂಗಸರ ಸಹಿ, ಹೆಬ್ಬೆಟ್ಟು ಹಾಕಿಸಿ ಕೊಟ್ಟು ಬಂದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.