ಉಪಗ್ರಹಕ್ಕೆ ಮಿಲಿಮೀಟರ್ ಹೇಗೆ ಸಿಗುತ್ತದೆ?

"ಅಷ್ಟು ಮೇಲಿನಿಂದ ತೆಗೆದ ಫೋಟೋದಲ್ಲಿ ಪೀಟ್ ಜೌಗು ಎರಡು ಮಿಲಿಮೀಟರ್ ಕುಸಿದದ್ದು ಕಾಣುತ್ತದಾ? ಎಲ್ಲಿ, ತೋರಿಸಿ" ಎಂದು ಜನ ಕೇಳುತ್ತಾರೆ. (ಪೀಟ್ ಅಂದರೆ ಪೂರ್ತಿ ಕೊಳೆಯದ ಗಿಡಗಳು ಪದರಗಟ್ಟಿ ಆದ ಒದ್ದೆ ಮಣ್ಣು.)

ಕಾಣುವುದಿಲ್ಲ. ನಾವು ಫೋಟೋ ನೋಡುವುದೇ ಇಲ್ಲ.

ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1 ಸುಮಾರು 693 ಕಿ.ಮೀ. ಎತ್ತರದಿಂದ 5.6 ಸೆಂ.ಮೀ. ಉದ್ದದ ರೇಡಾರ್ ಅಲೆ ಕಳಿಸುತ್ತದೆ. ನೆಲಕ್ಕೆ ತಾಗಿ ಮರಳಿದ ಅಲೆ ಯಾವ ಹಂತದಲ್ಲಿತ್ತು ಎಂಬುದು, ಅಂದರೆ ಅದರ ಫೇಸ್, ದಾಖಲಾಗುತ್ತದೆ. 12 ದಿನ ಬಿಟ್ಟು ಅದೇ ಜಾಗವನ್ನು ಮತ್ತೆ ಅಳೆದು ಒಂದು ಫೇಸ್‌ನಿಂದ ಇನ್ನೊಂದನ್ನು ಕಳೆಯುತ್ತೇವೆ. ಅಲೆ ಹೋಗಿ ಬರುವುದರಿಂದ, ಫೇಸ್‌ನಲ್ಲಿ ಒಂದು ಪೂರ್ತಿ ಸುತ್ತಿನ ವ್ಯತ್ಯಾಸ ಬಂದರೆ ನೆಲ ಅಲೆಯ ಅರ್ಧದಷ್ಟು, ಅಂದರೆ 2.8 ಸೆಂ.ಮೀ. ಸರಿದಿದೆ ಎಂದರ್ಥ. ಸುತ್ತಿನ ಸಣ್ಣ ಪಾಲನ್ನೂ ಅಳೆಯಬಹುದು. ಮಿಲಿಮೀಟರ್ ಬರುವುದು ಅಲ್ಲಿಂದ.

ಬಂಡೆ, ಕಟ್ಟಡಗಳ ಮೇಲೆ ಇದು ಸಲೀಸು. ಪೀಟ್ ಮೇಲೆ ಪಾಚಿ, ಹುಲ್ಲು ಬೆಳೆದಂತೆಲ್ಲ ಎರಡು ದಾಖಲೆಗಳ ನಡುವಿನ ಹೋಲಿಕೆ ಕೆಡುತ್ತದೆ. ಅದಕ್ಕೇ 12, 24 ದಿನಗಳ ಹತ್ತಿರದ ಜೋಡಿಗಳನ್ನೇ ಆರಿಸಿ, ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆದು, ವರ್ಷಗಟ್ಟಲೆ ಸರಣಿ ಕಟ್ಟಬೇಕು. ಹೋಲಿಸುವ ಸ್ಥಿರ ಬಿಂದು ಬಂಡೆಯ ಮೇಲೇ ಇರಬೇಕು. ಪೀಟ್ ಮೇಲೆ ಇಟ್ಟರೆ ಇಡೀ ನಕ್ಷೆ ಹಾಳು. ಒಣ ಬೇಸಿಗೆಯಲ್ಲಿ ಇನ್ನೊಂದು ಅಪಾಯ: ಎರಡು ದಾಖಲೆಗಳ ನಡುವೆ ಒಂದು ಪಿಕ್ಸೆಲ್ ಪಕ್ಕದ್ದಕ್ಕಿಂತ 1.4 ಸೆಂ.ಮೀ.ಗೂ ಹೆಚ್ಚು ಇಳಿದರೆ ಸುತ್ತಿನ ಲೆಕ್ಕ ತಪ್ಪಿ, ಕುಸಿತವೇ ಏರಿಕೆಯಾಗಿ ಕಾಣಬಹುದು.

ಇಷ್ಟೆಲ್ಲ ಕೇಳುವವರು ಕೇಳಬೇಕಾದ್ದನ್ನು ಬಿಟ್ಟಿರುತ್ತಾರೆ: ನೆಲ ಎದ್ದರೆ ಜೌಗು ಚೇತರಿಸಿಕೊಂಡಂತೆಯೇ?

ಇಲ್ಲ. ಹೊಸ ಪೀಟ್ ಕೂಡುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಒಂದೇ ಚಳಿಗಾಲದಲ್ಲಿ ನೆಲ ಸೆಂಟಿಮೀಟರ್ ಎದ್ದರೆ ಅದು ನೀರು ಹೀರಿ ಉಬ್ಬಿದ್ದು. ಸ್ಕಾಟ್ಲೆಂಡಿನ ಫ್ಲೋ ಕಂಟ್ರಿ ಎಂಬ ಪೀಟ್ ಜೌಗು ಪ್ರದೇಶದಲ್ಲಿ ನೆಟ್ಟಿದ್ದ ಸೂಜಿ ಎಲೆಯ (ಕೋನಿಫರ್) ಮರ ಕಡಿದು, ಬಸಿಗಾಲುವೆಗಳಿಗೆ ಅಡ್ಡಗಟ್ಟೆ ಹಾಕಿದ ಜಾಗಗಳಿವೆ. ಅಲ್ಲಿ ನೋಡಬೇಕಾದ್ದು ಋತುಮಾನದ ಏರಿಳಿತ ಎಷ್ಟು, ಯಾವ ತಿಂಗಳಲ್ಲಿ ಎಂದು. ಅದು ಯಾರೂ ಮುಟ್ಟದ ಪಕ್ಕದ ಜೌಗಿನ ಏರಿಳಿತಕ್ಕೆ ಹತ್ತಿರವಾಗುತ್ತಿದೆಯೇ ಎಂದು. ಒಂದು ಮಳೆಗಾಲದ ನಕ್ಷೆ ಹಿಡಿದು ಗೆದ್ದೆವು ಅನ್ನುವವರನ್ನು ನಂಬಬೇಡಿ.

ಇಂಡೋನೇಷ್ಯಾದ ಪೀಟ್ ಜೌಗುಗಳಲ್ಲಿ ಕಾಡಿನ ಎಲೆಗಳೇ 5.6 ಸೆಂ.ಮೀ. ಅಲೆಯನ್ನು ತಡೆಯುತ್ತವೆ. ಬೆಂಗಳೂರಿನಲ್ಲಿ ಜೋಡಿಸಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ, ನಾಸಾ-ಇಸ್ರೋ ಜಂಟಿ ರೇಡಾರ್ ಉಪಗ್ರಹ ನಿಸಾರ್ ಮೇಲೆ ನನಗೆ ದೊಡ್ಡ ನಿರೀಕ್ಷೆ ಇರುವುದು ಇದಕ್ಕೇ: ಅದರ ಎಲ್-ಬ್ಯಾಂಡ್ ಎಂಬ ಉದ್ದ ಅಲೆ 24 ಸೆಂ.ಮೀ., ಎಲೆಗಳ ನಡುವೆ ನುಸುಳಬಲ್ಲದು.

ಆದರೂ ಜೌಗಿನಲ್ಲಿ ಎರಡು ವಸ್ತು ಬೇಕೇ ಬೇಕು. ನೀರಿನ ಮಟ್ಟ ನೋಡಲು ತೂತು ಕೊರೆದ ಪಿವಿಸಿ ಪೈಪ್; ನೆಲದ ಏರಿಳಿತ ನೋಡಲು, ಪೀಟ್ ದಾಟಿ ಅಡಿಯ ಗಟ್ಟಿ ನೆಲಕ್ಕೆ ಊರಿದ ಸರಳು. ಅವಿಲ್ಲದೆ ನನ್ನ ಬಳಿ ಬರೀ ನಕ್ಷೆ ಕೇಳಬೇಡಿ.