ಗಜನಿಯ ನಾತ

ಮೇ ತಿಂಗಳಲ್ಲಿ ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಅಘನಾಶಿನಿ ಹಿನ್ನೀರಿನ ಪಕ್ಕ ಬಸ್ಸಿಳಿದ ಕೂಡಲೇ ಅದೇ ಕೊಳೆತ ಮೊಟ್ಟೆ ನಾತ. "ಅಮ್ಮಾ, ಇದು ಚರಂಡಿಯಾ?" ಅಂದಳು ಮೂಗು ಮುಚ್ಚಿಕೊಂಡು. ಅಲ್ಲ ಮಾರಾಯ್ತಿ, ನಮ್ಮ ಗಜನಿ.

ಗಜನಿ ಅಂದರೆ ಉಪ್ಪುನೀರು ನುಗ್ಗುವ ಗದ್ದೆ. ಮಳೆಗಾಲದಲ್ಲಿ ನೀರು ಸಿಹಿಯಾದಾಗ ಕಗ್ಗ ಭತ್ತ, ಕೊಯ್ಲಾದ ಮೇಲೆ ಸಿಗಡಿ, ಮೀನು. ಅಂಚಿಗೆ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲ (ಮ್ಯಾಂಗ್ರೋವ್) ಗಿಡ. ನದಿ ಸಮುದ್ರ ಸೇರುವ ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳಲ್ಲಿ ಒಂದೆಂಬ ಮನ್ನಣೆ, ಸಿಕ್ಕಿದೆ. ನಾತವೇನೂ ಕಮ್ಮಿಯಾಗಿಲ್ಲ!

ಇಳಿತದ ಹೊತ್ತಿಗೆ ಕಾಂಡ್ಲದ ಬುಡದಲ್ಲಿ ಕೈಹಾಕಿ ಬಗೆದೆ. ಮೇಲೆ ಬೆರಳು ದಪ್ಪ ಕಂದು ಮಣ್ಣು. ಕೆಳಗೆ ಕಾಡಿಗೆಯಂಥ ಕಪ್ಪು ಕೆಸರು. ಅದರೊಳಗೆ ಒಂದು ಎಲೆ, ಅರ್ಧ ಕರಗಿದೆ, ನರ ಹಾಗೇ ಉಳಿದಿದೆ. ಇದೇ ಎಲೆ ಅಂಗಳದಲ್ಲಿ ಬಿದ್ದಿದ್ದರೆ ಸೂಕ್ಷ್ಮಜೀವಿಗಳು ತಿಂದು, ನಾವು ಉಸಿರು ಬಿಟ್ಟ ಹಾಗೆ ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದವು. ಕೆಸರೊಳಗೆ ಗಾಳಿ ಇಳಿಯುವುದಿಲ್ಲ, ಅವಕ್ಕೆ ಊಟ ಸರಿಯಾಗಿ ಅರಗುವುದಿಲ್ಲ. ಹಾಗಾಗಿ ಗಿಡ ಗಾಳಿಯಿಂದ ಹೀರಿದ ಇಂಗಾಲದಲ್ಲಿ ಒಂದಿಷ್ಟು ನೂರಾರು ವರ್ಷ ಅಲ್ಲೇ ಕೂತಿರುತ್ತದೆ.

ಸಿಹಿನೀರಿನ ಜೌಗಾದರೆ ಇನ್ನೊಂದು ತಂಟೆ ಇದೆ. ಗಾಳಿಯಿಲ್ಲದ ಕೆಸರಲ್ಲಿ ಮೀಥೇನ್ ಹುಟ್ಟುತ್ತದೆ. ಕೆರೆಯ ಕೆಸರು ಕೆದಕಿದರೆ ಗುಳ್ಳೆ ಏಳುತ್ತದಲ್ವಾ, ಅದರಲ್ಲಿ ಇರುವುದು ಜಾಸ್ತಿ ಇದೇ. 100 ವರ್ಷದ ಲೆಕ್ಕ ಹಿಡಿದರೆ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿಯೇರಿಸುವ ಅನಿಲ. ಸಮುದ್ರದ ನೀರಲ್ಲಿ ಸಲ್ಫೇಟ್ ಎಂಬ ಗಂಧಕದ ಲವಣ ಇರುವುದರಿಂದ, ಅದನ್ನು ಬಳಸುವ ಜೀವಿಗಳು ಮೀಥೇನ್ ಮಾಡುವವರ ಬಾಯಿಂದ ತುತ್ತು ಕಸಿಯುತ್ತವೆ. ಅವು ಬಿಡುವುದೇ ಮೊಟ್ಟೆ ನಾತ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದಾಗ ಗಜನಿಯೂ ಮೀಥೇನ್ ಬಿಟ್ಟೀತು. ನಮ್ಮೂರು ಅಂತ ಸುಮ್ನೆ ಹೊಗಳಬಾರದು.

ನಮ್ಮ ಮನೆಯದ್ದೇ ಒಂದು ಕತೆ. ತೊಂಬತ್ತರ ದಶಕದಲ್ಲಿ ಅಪ್ಪ, ಯಾರದೋ ಮಾತು ಕೇಳಿ, ಗಜನಿಯ ಮೂಲೆ ಅಗೆಸಿ ಸಿಗಡಿ ಕೆರೆ ಮಾಡಿದರು. ಕಪ್ಪು ಕೆಸರೆಲ್ಲ ದಂಡೆಯ ಮೇಲೆ ರಾಶಿ. ಕೆಲವೇ ದಿನದಲ್ಲಿ ಒಣಗಿ ಕಂದಾಯಿತು, ನಾತ ಹೋಯಿತು. ನಮಗೆಲ್ಲ ಖುಷಿ. ಗಾಳಿ ತಾಗಿದ್ದೇ ತಡ, ಒಳಗೆ ಉಪವಾಸ ಕೂತಿದ್ದ ಜೀವಿಗಳಿಗೆ ಹಬ್ಬ ಅಂತ ಆಗ ಯಾರಿಗೆ ಗೊತ್ತಿತ್ತು? ಅಜ್ಜನ ಕಾಲಕ್ಕೂ ಮುಂಚಿನ ಎಲೆ, ಬೇರು ಎಲ್ಲ ಅನಿಲವಾಗಿ ಹೊರಟುಹೋಗುತ್ತಿದ್ದವು. ಸಿಗಡಿಗೂ ರೋಗ ಬಂತು. ಎರಡೇ ವರ್ಷ, ಕೆರೆ ಪಾಳು.

"ದಂಡೆ ಮಣ್ಣು ವಾಪಸ್ ಕೆರೆಗೆ ಹಾಕಿಸೋಣ್ವಾ?" ಅಂದೆ.

"ಹೋದದ್ದು ಬರ್ತದಾ ತಂಗಿ?" ಅಂದರು ಅಪ್ಪ. ಆದರೂ ಹೋದ ವರ್ಷ ತಾವೇ ತೂಬಿನ ಹಲಗೆ ಕಿತ್ತುಹಾಕಿದ್ದಾರಂತೆ. ಈಗ ಭರತದ ನೀರು ಸೀದಾ ಒಳಗೆ ಬರುತ್ತದೆ. ಮಗಳು ದಂಡೆ ಮೇಲೆ ನಿಂತು ಪೆನ್ಸಿಲ್ ನೆಟ್ಟ ಹಾಗಿದ್ದ ಕಾಂಡ್ಲ ಸಸಿ ಎಣಿಸಿದಳು. ಹನ್ನೊಂದು. ಅಲ್ಲಿನ್ನೂ ನಾತ ಶುರುವಾಗಿಲ್ಲ.