ಆತ್ಮವಿಲ್ಲ ಎನ್ನುವವರು ಕ್ರಿಯೆ ಯಾರಿಗೆ ಮಾಡುತ್ತಾರೆ?

ಮುಂಡಗೋಡದಲ್ಲಿ 11 ವರ್ಷ ನೌಕರಿ ಮಾಡಿ ಶಿರಸಿಗೆ ಮರಳಿದವನು ನಾನು. ಅಲ್ಲಿನ ಟಿಬೆಟಿಯನ್ ನಿರಾಶ್ರಿತರ ನೆಲೆಯಾದ ಲಾಮಾ ಕ್ಯಾಂಪಿನ ಪಕ್ಕದಲ್ಲೇ ಇದ್ದವನೆಂದು ಬಲ್ಲವರು ನನ್ನನ್ನು ಒಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ. ಅದು ಬರುವುದು ಹೆಚ್ಚಾಗಿ ಸಾವಿನ ಮನೆಯಲ್ಲಿ, ಹದಿಮೂರನೆಯ ದಿನದ ಊಟ ಮುಗಿದು ಕವಳದ ಬಟ್ಟಲು ಜಗಲಿಗೆ ಬಂದ ಹೊತ್ತಿಗೆ. “ಬೌದ್ಧರು ಆತ್ಮವೇ ಇಲ್ಲ ಎನ್ನುತ್ತಾರಲ್ಲ, ಮತ್ತೆ ಸತ್ತವರಿಗೆ 49 ದಿನ ಕ್ರಿಯೆ ಮಾಡುವುದು ಯಾಕೆ? ಅದು ಯಾರಿಗೆ ಮುಟ್ಟುತ್ತದೆ?” ಅದರ ಬೆನ್ನಿಗೇ ಇನ್ನೊಬ್ಬರು, “ಹೆಣವನ್ನು ಹದ್ದುಗಳಿಗೆ ಹಾಕುತ್ತಾರಂತೆ, ಹೌದೇ?”

ಹದ್ದಿನ ಮಾತು ಬೇಗ ಮುಗಿಯುತ್ತದೆ. ಮುಂಡಗೋಡದಲ್ಲಿ ನಮ್ಮ ಹಾಗೆಯೇ ಸುಡುತ್ತಾರೆ. ಹಕ್ಕಿಗಳಿಗೆ ಒಪ್ಪಿಸುವುದು ಟಿಬೆಟಿನ ಎತ್ತರದ ಬಯಲುಗಳ ಪದ್ಧತಿ. ಅಲ್ಲಿ ಸೌದೆ ಸಿಗುವುದು ಕಷ್ಟ, ನೆಲ ಹೆಪ್ಪುಗಟ್ಟಿ ಕಲ್ಲಾಗಿರುತ್ತದೆ. ಅದನ್ನು ಅವರು ಜಾತೋರ್ ಎನ್ನುತ್ತಾರೆ, ಹಕ್ಕಿಗಳಿಗೆ ಕೊಡುವ ದಾನ ಎಂದು ಅರ್ಥ. ಇನ್ನು ಬೇಡವಾದ ದೇಹ ಹಸಿದ ಜೀವಿಗಳ ಹೊಟ್ಟೆಗಾದರೂ ಆಗಲಿ ಎಂಬ ಭಾವನೆ. ಇದನ್ನು ಕೇಳಿ ಮುಖ ಕಿವುಚುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. 1966ರಲ್ಲಿ ನಮ್ಮ ಜಿಲ್ಲೆಯ ಕಾಡಂಚಿಗೆ ಬಂದು ನೆಲೆ ನಿಂತವರಿಗೆ ಸೌದೆ ಇತ್ತು, ಸುಟ್ಟರು.

ಮೊದಲ ಪ್ರಶ್ನೆಗೆ ಹೊತ್ತು ಬೇಕು. ಇದನ್ನು ಬೇರೆ ರೂಪದಲ್ಲಿ, ಹಿಂದೆ ವಾಯವ್ಯ ಭಾರತವನ್ನಾಳಿದ ಗ್ರೀಕ್ ಮೂಲದ ಮಿಲಿಂದ ರಾಜನೇ ನಾಗಸೇನ ಭಿಕ್ಷುವನ್ನು ಕೇಳಿದ್ದ. ಮರುಹುಟ್ಟು ಪಡೆಯುವವನು ಅವನೇ ಹೌದೋ, ಬೇರೆಯವನೋ? ಭಿಕ್ಷು ದೀಪವನ್ನು ತೋರಿಸಿದ. ರಾತ್ರಿಯ ಮೊದಲ ಜಾವದಲ್ಲಿ ಉರಿದ ಕುಡಿಯೇ ಕೊನೆಯ ಜಾವದಲ್ಲೂ ಉರಿಯುತ್ತದೆಯೇ? ಅದೇ ಅಲ್ಲ, ಆದರೆ ಬೇರೆಯೂ ಅಲ್ಲ. ಬೌದ್ಧರು ಇಲ್ಲ ಎನ್ನುವುದು ಎಂದೂ ಬದಲಾಗದೆ ಕುಳಿತಿರುವ ಒಂದು ಆತ್ಮವನ್ನು. ಕುಡಿಯಿಂದ ಕುಡಿಗೆ ದಾಟುವ ಉರಿಯನ್ನು, ಅಂದರೆ ಚಿತ್ತದ ಹರಿವನ್ನು, ಅವರು ಇಲ್ಲ ಎಂದಿಲ್ಲ. ಕ್ರಿಯೆಯೆಲ್ಲ ಆ ಹರಿವಿಗೆ. (ಈ ವಿಚಾರ ನಮ್ಮ ಸೀಮೆಗೆ ಹೊರಗಿನದೂ ಅಲ್ಲ. ಬನವಾಸಿಯ ಮಧುಕೇಶ್ವರ ದೇವಾಲಯದ ನಾಗರಕಲ್ಲಿನ ಮೇಲಿರುವ ಪ್ರಾಕೃತ ಶಾಸನದಲ್ಲಿ ರಾಜಕುಮಾರಿಯೊಬ್ಬಳು ಕೆರೆಯ ಜೊತೆಗೆ ಬೌದ್ಧ ವಿಹಾರವನ್ನೂ ಕೊಟ್ಟ ಮಾತಿದೆ.)

ಇದು ನನಗೆ ಅರ್ಥವಾದದ್ದು ಓದಿನಿಂದಲ್ಲ. ಚಳಿಗಾಲದಲ್ಲಿ ಹುಬ್ಬಳ್ಳಿಗೆ ಹೋಗಿ ಸ್ವೆಟರ್ ಮಾರುತ್ತಿದ್ದ ಅಜ್ಜಿಯೊಬ್ಬರು ಕ್ಯಾಂಪಿನಲ್ಲಿ ನನಗೆ ಬೇಕಾದವರಾಗಿದ್ದರು. ಅವರು ತೀರಿಕೊಂಡ ದಿನ ಹೋದರೆ ಮನೆಯಲ್ಲಿ ಅಳುವಿನ ಸದ್ದೇ ಇರಲಿಲ್ಲ. ಅಜ್ಜಿಯನ್ನು ಯಾರೂ ಮುಟ್ಟಿರಲಿಲ್ಲ. ತಲೆಯ ಬಳಿ ಒಬ್ಬ ಭಿಕ್ಷು ಕುಳಿತು, ಪಕ್ಕದ ಕೋಣೆಗೂ ಕೇಳದಷ್ಟು ಮೆಲ್ಲಗೆ ಓದುತ್ತಿದ್ದರು. ಏನು ಓದುತ್ತಿದ್ದಾರೆ ಎಂದು ಮಗನನ್ನು ಕೇಳಿದೆ. “ಅಮ್ಮನಿಗೆ ದಾರಿ ಹೇಳುತ್ತಿದ್ದಾರೆ. ನೀನು ಸತ್ತಿರುವೆ, ಹೆದರಬೇಡ, ಕಾಣುವ ಬೆಳಕಿಗೆ ಬೆಚ್ಚಬೇಡ, ಮನೆಯ ಕಡೆ ತಿರುಗಿ ನೋಡಬೇಡ ಎಂದು.”

ಉಸಿರು ನಿಂತ ಕೂಡಲೇ ಸಾವು ಮುಗಿಯಿತು ಎಂದು ಅವರು ಎಣಿಸುವುದಿಲ್ಲ. ಚಿತ್ತ ಹೊರಡಲು ಸಮಯ ಬೇಕು, ಅದರೆದುರು ಗೋಳಾಡಿದರೆ ಅದು ತಡವರಿಸುತ್ತದೆ. ಟಿಬೆಟಿನ ಗೆಲುಗ್ ಪಂಥದ ಹಿರಿಯ ಪೀಠವಾದ ಗಾಂದೆನ್ ಪೀಠದ 100ನೆಯ ಮುಖ್ಯಸ್ಥರಾಗಿದ್ದ ಲೋಬ್ಸಾಂಗ್ ನಿಮಾ ರಿನ್ಪೋಚೆ 2008ರಲ್ಲಿ ಮುಂಡಗೋಡದಲ್ಲಿ ತೀರಿಕೊಂಡಾಗ, ಇನ್ನೂ ಧ್ಯಾನದಲ್ಲಿದ್ದಾರೆಂದು ಎರಡು ವಾರಕ್ಕೂ ಹೆಚ್ಚು ಕಾಲ ದೇಹವನ್ನು ಹಾಗೆಯೇ ಇರಿಸಿದ್ದರು. ಇದಕ್ಕೆ ಅವರು ತುಕ್ದಮ್ ಎನ್ನುತ್ತಾರೆ.

ಮರುಹುಟ್ಟಿನವರೆಗಿನ ನಡುಗಾಲ ಬಾರ್ದೋ. ಹೆಚ್ಚೆಂದರೆ ಏಳು ವಾರ. ಪ್ರತಿ ಏಳನೆಯ ದಿನ ಪ್ರಾರ್ಥನೆ, ಸಾಲು ಸಾಲು ಬೆಣ್ಣೆದೀಪ. ಆದರೆ ನನ್ನ ಕಣ್ಣಿಗೆ ಕಟ್ಟಿದ್ದು ಬೇರೆಯೇ. ಕತ್ತಲಾಗುವ ಹೊತ್ತಿಗೆ ಅಜ್ಜಿಯ ಸೊಸೆ ಹೊಸ್ತಿಲಾಚೆ ಒಂದು ಮಣ್ಣಿನ ಬೋಗುಣಿಯಲ್ಲಿ ಕೆಂಡ ಇಟ್ಟು, ಬೆಣ್ಣೆ ಕಲಸಿದ ತ್ಸಾಂಪಾವನ್ನು, ಅಂದರೆ ಹುರಿದ ಜವೆಗೋಧಿಯ ಹಿಟ್ಟನ್ನು, ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಿದ್ದಳು. ಉರಿ ಏಳಬಾರದು, ಹೊಗೆ ಮಾತ್ರ ಬರಬೇಕು. ಹುರಿಟ್ಟು ಸೀದ ಹಾಗೆ ಘಮ. ನಡುಗಾಲದಲ್ಲಿರುವ ಜೀವಕ್ಕೆ ಬಾಯಿಲ್ಲ, ವಾಸನೆಯೇ ಅದರ ಊಟ. ಅದಕ್ಕೇ ಹಳೆಯ ಬೌದ್ಧ ಶಾಸ್ತ್ರಗಳಲ್ಲಿ ಆ ಜೀವಕ್ಕೆ, ಗಂಧವನ್ನು ಉಣ್ಣುವುದು ಎಂಬ ಅರ್ಥದಲ್ಲಿ, ಗಂಧರ್ವ ಎಂಬ ಹೆಸರಿದೆ. ಪಿಂಡ ಇಟ್ಟು ಕಾಗೆ ಬರುವುದನ್ನೇ ಕಾಯುತ್ತ ಅಂಗಳದಲ್ಲಿ ನಿಂತ ನನಗೆ ಆ ಹೊಗೆಯ ಮುಂದೆ ಯಾವ ಅನುಮಾನವೂ ಉಳಿಯಲಿಲ್ಲ.

ಎಲ್ಲ ಬೌದ್ಧರೂ ಈ ನಡುಗಾಲವನ್ನು ಒಪ್ಪುವುದಿಲ್ಲ. ಶ್ರೀಲಂಕಾದ ಥೇರವಾದಿಗಳಿಗೆ ಸಾವಿನ ಮರುಕ್ಷಣವೇ ಹುಟ್ಟು. ಆದರೂ ಅವರು ಬಟ್ಟಲು ತುಂಬಿ ಚೆಲ್ಲುವವರೆಗೆ ನೀರು ಎರೆದು, ತುಂಬಿದ ಹೊಳೆಗಳು ಕಡಲನ್ನು ತುಂಬುವಂತೆ ಇಲ್ಲಿ ಕೊಟ್ಟದ್ದು ಅಗಲಿದವರಿಗೆ ಸಲ್ಲಲಿ ಎಂದು ಹೇಳುತ್ತಾರೆ. ಶಿರಸಿಯಲ್ಲಿ ಹುಟ್ಟಿದ ಅಘನಾಶಿನಿ ಕಡಲು ಸೇರುವುದನ್ನು ಕಂಡ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ತಾಯಿ ಹೋದದ್ದು ಆಸ್ಪತ್ರೆಯಲ್ಲಿ, ಮೂಗಿಗೆ ನಳಿಕೆ ಹಾಕಿದ ಸ್ಥಿತಿಯಲ್ಲಿ. ನಾವು ಆರು ಜನ ಸುತ್ತ ನಿಂತು ಬಿಕ್ಕುತ್ತಿದ್ದೆವು. ಒಬ್ಬರೂ ಅವಳ ಕಿವಿಯ ಬಳಿ ಬಾಗಿ ಒಂದು ಮಾತು ಹೇಳಲಿಲ್ಲ. ಮನೆಗೆ ತಂದ ಮೇಲೆ ಹೊತ್ತು ಮೀರುತ್ತದೆ ಎಂಬ ಅವಸರ. ಗೋಕರ್ಣದಲ್ಲಿ ಬೂದಿ ಬಿಟ್ಟೆ, ವಿಧಿಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಆದರೆ ಅವಳೊಡನೆ ಮಾತಾಡದೆ ಕಳಿಸಿದೆ ಎಂಬ ಸಂಕಟ ಈಗಲೂ ಇದೆ. ಅಜ್ಜಿಯ ಮನೆಗೆ ಹೋದದ್ದು ಅದಾದ ಮೇಲೆ.

ಕಳೆದ ಮಳೆಗಾಲದಲ್ಲಿ ಚಿಕ್ಕಪ್ಪನ ಉಸಿರು ಮೇಲಕ್ಕೆ ಹತ್ತಿದಾಗ, ಅಳುವವರನ್ನೆಲ್ಲ ಕೈಮುಗಿದು ಜಗಲಿಗೆ ಕಳಿಸಿದೆ. ಹಾಸಿಗೆಯ ಬಳಿ ಕುಳಿತು ಅವನ ಕಿವಿಗೆ ಹೇಳಿದೆ: ತೋಟಕ್ಕೆ ಮದ್ದು ಹೊಡೆದಾಯಿತು, ಹುಡುಗರು ಬಂದಿದ್ದಾರೆ, ನೀನು ಹೆದರದೆ ಹೋಗು. ಉಸಿರು ನಿಂತ ಮೇಲೂ, ಸ್ನಾನಕ್ಕೆ ನೀರು ಕಾಯುವ ತನಕ, ಅದನ್ನೇ ಹೇಳುತ್ತಿದ್ದೆ.